ಕಿಟ್ಟೆಲ್ಲರ ಹುಟ್ಟೂರು: ಒಡ್ಡು ಕಾಯೋ ಡೋರ್ನುಮ್

ಧಾರವಾಡದ ಮಂದಿಗೆ ಕಿಟ್ಟೆಲ್ ಅನ್ನೋ ಹೆಸರು ಹೊಸಾದೇನಲ್ಲ. ಅವರ ಹೆಸರಿನ ಕಾಲೇಜು ನಮ್ಮೂರಾಗ ಅದ. 1894ರಾಗ ಮಂಗಳೂರಿನ ಬಾಸೆಲ್ ಮಿಶನ್ ಛಾಪಖಾನೆಯಿಂದ ಹೊರಬಂದ ಅವರ ಕನ್ನಡ-ಇಂಗ್ಲಿಷ್ ನಿಘಂಟಿನ ಬಗ್ಗೆ ಸಾಲ್ಯಾಗ ಎಲ್ಲಾರೂ ಓದೀವಿ. ಸುಮಾರು 70,000 ಶಬ್ದ ಒಬ್ಬ ಪರದೇಶಿ ಮನಷ್ಯಾ ಕೂಡಿಸಿಟ್ಟ ಅಂತ ಮಾಸ್ತರು ಹೇಳಿದಾಗ ಹುಬ್ಬು ಏರಿಸಿ ಕೇಳೀವಿ. ಆದ್ರ ಆ ಮನಷ್ಯಾ ಬಂದದ್ದು ಎಲ್ಲಿಂದ? "ಜರ್ಮನಿಯಿಂದ" ಅಂತ ಒಂದ ಶಬ್ದದಾಗ ಮುಗಿಸಿಬಿಡ್ತೀವಿ. ಯಾರರೆ ನಮ್ಮನ್ನ "ಇಂಡಿಯಾದಾಕಿ" ಅಂತಷ್ಟ ಹೇಳಿ ಸುಮ್ಮನಾದ್ರ ನಮಗ ಸಮಾಧಾನ ಆಗ್ತದೇನು? ಊರು ಯಾವುದು, ಓಣಿ ಯಾವುದು, ತವರಮನಿ ಎಲ್ಲೆ, ಇದೆಲ್ಲಾ ಕೇಳದ ನಮಗ ಮನಷ್ಯಾರ ಗುರ್ತು ಹತ್ತೂದಿಲ್ಲ. ಅದಕ್ಕ ಈ ಸಲ ಕಿಟ್ಟೆಲ್ಲರ ಹುಟ್ಟೂರಿನ ಕಥಿ ಬರೀಲಿಕ್ಕೆ ಕೂತೀನಿ. ಅಕ್ಕಂದಿರು, ವೈನಿಯರು, ಮೌಶಿಯರು ಎಲ್ಲಾರೂ ಸಾವಕಾಶ ಓದ್ರಿ.

ಜರ್ಮನಿಯ ನಕಾಶಾ ತಗದು ಎಡಗಡೆ ಮ್ಯಾಲಿನ ಮೂಲಿ ನೋಡ್ರಿ. ನೆದರ್‌ಲ್ಯಾಂಡ್ಸಿಗೆ ಹತ್ತಿಕೊಂಡು, ಉತ್ತರ ಸಮುದ್ರದ ದಂಡಿಗೆ ಇರೋ ಸೀಮಿಗೆ ಪೂರ್ವ ಫ್ರೀಸಿಯಾ ಅಂತಾರ. ಅಲ್ಲೆ ಔರಿಖ್ ಅನ್ನೋ ಜಿಲ್ಲಾದಾಗ ಡೋರ್ನುಮ್ ಅನ್ನೋ ಸಣ್ಣ ಊರದ. ಅದರ ಹತ್ತಿರ ರೆಸ್ಟರ್‌ಹಾಫೆ ಅನ್ನೋ ಇನ್ನೂ ಸಣ್ಣ ಹಳ್ಳಿ, ಈಗ ಅದು ಡೋರ್ನುಮಿನ ಆಡಳಿತಕ್ಕ ಸೇರೇದ. 1832ರ ಏಪ್ರಿಲ್ 7ಕ್ಕ ಫರ್ಡಿನಂಡ್ ಕಿಟ್ಟೆಲ್ ಹುಟ್ಟಿದ್ದು ಈ ರೆಸ್ಟರ್‌ಹಾಫೆದಾಗ. ತಂದಿ ಪಾದ್ರಿ. ಆವಾಗ ಜರ್ಮನಿ ಅಂತ ಒಂದ ದೇಶ ಇನ್ನೂ ಆಗಿರಲಿಲ್ಲ, ಆ ಸೀಮಿ ಹ್ಯಾನೋವರ್ ರಾಜ್ಯದ ಕೈಯಾಗಿತ್ತು. 1853ರಾಗ, ಅಂದ್ರ ಇಪ್ಪತ್ತೊಂದು ವರ್ಷದ ಹುಡಗಾ ಇದ್ದಾಗ, ಬಾಸೆಲ್ ಮಿಶನ್ನಿನವರು ಅವರನ್ನ ನಮ್ಮ ಕಡೆ ಕಳಿಸಿದ್ರು. ಧಾರವಾಡ, ಮಂಗಳೂರು, ಮಡಿಕೇರಿ ಅಂತ ಅವರ ಆಯುಷ್ಯದ ದೊಡ್ಡ ಭಾಗ ನಮ್ಮ ನಾಡಿನಾಗ ಕಳೀತು.

ಈಗ ಊರಿನ ನೆಲದ ಬಗ್ಗೆ ಹೇಳ್ತೀನಿ. ಆ ಸೀಮಿ ಎಂಥಾದಂದ್ರ ಹಂಚಿನಂಗ ಸಪಾಟು. ಗುಡ್ಡ ಇಲ್ಲ, ದಿನ್ನಿ ಇಲ್ಲ. ಸಮುದ್ರದ ಕಡೆ ಜಿಗಟು ಮಣ್ಣಿನ ಫಲವತ್ತಾದ ನೆಲ, ಒಳಗ ಹೋದಂಗ ಸ್ವಲ್ಪ ಎತ್ತರದ ಉಸಕಿನ ನೆಲ. ಸಮುದ್ರದಾಗ ಭರತ ಬಂದಾಗ ನೀರು ಎಷ್ಟು ಎತ್ತರ ನಿಲ್ತದೋ, ಅದಕ್ಕಿಂತ ತಗ್ಗಿನಾಗಿರೋ ಹೊಲಗಳೂ ಆ ಕಡೆ ಅವ. ಅಂದ್ರ ಒಡ್ಡು ಇರಲಿಲ್ಲಾ ಅಂದ್ರ ದಿನಾ ಎರಡು ಸಲ ಸಮುದ್ರ ಹೊಲದಾಗ ಬಂದು ಹೋಗತಿತ್ತು.

ಭಾಳ ಹಿಂದ, ಒಡ್ಡು ಕಟ್ಟೋದು ಗೊತ್ತಿಲ್ಲದ ಕಾಲಕ್ಕ, ಅಲ್ಲಿ ಮಂದಿ ಮಣ್ಣು, ಸಗಣಿ ಎಲ್ಲಾ ಒಟ್ಟಿ ದಿಬ್ಬಾ ಮಾಡಿ ಅದರ ಮ್ಯಾಲೆ ಮನಿ ಕಟ್ಟಿಕೊಂಡ್ರು. ಇಂಥಾ ದಿಬ್ಬಕ್ಕ ಅವರು ವಾರ್ಫ್ ಅಂತಾರ. ನೀರು ಬಂದಾಗ ದನ-ಕರ, ಮಂದಿ-ಮಕ್ಕಳು ಎಲ್ಲಾ ದಿಬ್ಬದ ಮ್ಯಾಲೆ, ನೀರು ಹೋದ ಮ್ಯಾಲೆ ಮತ್ತ ಹೊಲಕ್ಕ. ಸಾವಿರ ವರ್ಷದ ಹಿಂದಿನ ಸುಮಾರಿಗೆ ಒಡ್ಡು ಕಟ್ಟೋದು ಸುರು ಆತು. ಮೊದಲು ಊರಿನ ಸುತ್ತ ಕಟ್ಟಿದ್ರು, ಆಮ್ಯಾಲೆ ಎಲ್ಲಾ ಊರಿನ ಒಡ್ಡು ಒಂದಕ್ಕೊಂದು ಕೂಡಿಸಿ ಸಮುದ್ರದ ದಂಡಿಗುಂಟ ಒಂದ ಉದ್ದನ ಗ್ವಾಡಿ ಮಾಡಿದ್ರು. ದೇವರು ಸಮುದ್ರ ಮಾಡಿದಾ, ದಂಡಿ ನಾವು ಮಾಡಿದ್ವಿ ಅಂತ ಫ್ರೀಸಿಯಾದ ಮಂದಿ ಹೆಮ್ಮೆಲೆ ಹೇಳಕೋತಾರ.

ಒಡ್ಡು ಕಟ್ಟಿದ್ರ ಮುಗೀಲಿಲ್ಲ. ಸಮುದ್ರ ಒಳಗ ಬರಬಾರದು ಖರೆ, ಆದ್ರ ಮಳಿ ನೀರು ಹೊರಗ ಹೋಗಬೇಕಲ್ಲ? ಅದಕ್ಕ ಒಡ್ಡಿನಾಗ ತೂಬು ಇಟ್ರು. ಸಮುದ್ರ ಇಳದಾಗ ತೂಬಿನ ಬಾಗಲಾ ತೆಗೀತದ, ಒಳಗಿನ ನೀರು ಹೊರಗ ಹರೀತದ. ಭರತ ಬಂದಾಗ ಆ ನೀರಿನ ಒತ್ತಡಕ್ಕ ಬಾಗಲಾ ತಾನಾಗೆ ಮುಚ್ಚಿಕೋತದ. ಅವರ ಮಾತಿನಾಗ ಈ ತೂಬಿಗೆ ಝೀಲ್ ಅಂತಾರ. ಡೋರ್ನುಮರ್‌ಝೀಲ್, ನೆಸ್ಮರ್‌ಝೀಲ್ ಅನ್ನೋ ಹಳ್ಳಿಗಳಿಗೆ ಹೆಸರು ಬಂದದ್ದು ಹಿಂಗ. ತೂಬಿನ ಬಾಯಿಗೆ ಹಡಗು ನಿಂದ್ರಲಿಕ್ಕೆ ಜಾಗಾ ಆತು, ಮೀನು ಹಿಡಿಯೋರು, ಧಾನ್ಯ ಮಾರೋರು ಬಂದ್ರು, ಊರು ಬೆಳೀತು. ಈಗ ಹೊರಗಿನ ನೀರು ಎತ್ತರ ಇದ್ರೂ ಪಂಪ್ ಹಚ್ಚಿ ನೀರು ಎತ್ತಿ ಹಾಕ್ತಾರ.

ಕಿಟ್ಟೆಲ್ಲರ ನಿಘಂಟಿನಾಗ "ಒಡ್ಡು" ಅನ್ನೋ ಶಬ್ದನೂ ಅದ, "ತೂಬು" ಅನ್ನೋ ಶಬ್ದನೂ ಅದ. ನಮ್ಮ ಕೆರಿ, ಹೊಲದಾಗಿನ ಮಾತುಗಳು ಅವು. ಆದ್ರ ಆ ಎರಡು ಶಬ್ದಕ್ಕ ಅರ್ಥ ಬರಿಯೋವಾಗ ಅವರಿಗೆ ಯಾರೂ ತಿಳಿಸಿ ಹೇಳೋ ಜರೂರ ಇದ್ದಿರಲಿಕ್ಕಿಲ್ಲ. ಅವರು ಹುಟ್ಟಿದ ಸೀಮಿ ಉಳಿದದ್ದ ಒಡ್ಡು, ತೂಬಿನ ಆಧಾರದ ಮ್ಯಾಲೆ.

ಒಡ್ಡು ಕಾಯೋ ವ್ಯವಸ್ಥಾ ಹೆಂಗಿತ್ತು ಅನ್ನೋದು ನನಗ ಎಲ್ಲಾಕ್ಕಿಂತ ಹಿಡಿಸಿದ ವಿಷಯ. ಹಿಂದ ಒಡ್ಡಿನ ಹಿಂದಿನ ಹೊಲ ಯಾರದೋ ಅವರು ತಮ್ಮ ಪಾಲಿನ ಒಡ್ಡು ತಾವ ರಿಪೇರಿ ಇಡಬೇಕಿತ್ತು. ಇಡಲಿಕ್ಕೆ ಆಗೂದಿಲ್ಲಾ ಅಂದ್ರ ಅಂವಾ ತನ್ನ ಸಲಿಕಿ ಒಡ್ಡಿನಾಗ ನೆಟ್ಟು ಹೊಲಾ ಬಿಟ್ಟು ಹೋಗಬೇಕು. ಆ ಸಲಿಕಿ ಯಾರು ಕೀಳ್ತಾರೋ ಹೊಲಾನೂ ಅವರದ, ಒಡ್ಡಿನ ಹೊಣಿನೂ ಅವರದ. ಇದಕ್ಕ ಸಲಿಕಿ ಕಾನೂನು ಅಂತನ ಹೆಸರು. ಕೇಳಲಿಕ್ಕೆ ಕಠಿಣ ಅನಸ್ತದ. ಆದ್ರ ಒಬ್ಬರ ಪಾಲಿನಾಗ ಇಲಿ ಬಿಲ ಅಷ್ಟು ತೂತು ಬಿದ್ರೂ ಸಮುದ್ರ ಎಲ್ಲಾರ ಮನಿಗೂ ಬರ್ತದಲ್ಲ?

ಈಗಿನ ಒಡ್ಡು ಎರಡು ಅಂತಸ್ತಿನ ಮನಿಗಿಂತ ಎತ್ತರ. ಒಳಗ ಉಸಕು, ಮ್ಯಾಲೆ ಜಿಗಟು ಮಣ್ಣು, ಅದರ ಮ್ಯಾಲೆ ಹುಲ್ಲು. ಹುಲ್ಲಿನ ಮ್ಯಾಲೆ ಕುರಿ ಬಿಡ್ತಾರ. ಕುರಿ ಹುಲ್ಲು ಗಿಡ್ಡ ಇಡ್ತಾವ, ಅವುಗಳ ಕಾಲ್ತುಳಿತಕ್ಕ ಮಣ್ಣು ಗಟ್ಟಿ ಆಗ್ತದ. ಒಡ್ಡು ನೋಡಿಕೊಳ್ಳಲಿಕ್ಕೆ ಡೈಖ್‌ಆಖ್ಟ್ ಅನ್ನೋ ಸಂಘಗಳು ಅವ. ಒಡ್ಡಿನ ಆಸರಕ್ಕ ಜಾಗಾ ಇರೋರೆಲ್ಲಾ ಅದಕ್ಕ ವಂತಿಗಿ ಕೊಡಬೇಕು. ವರ್ಷಕ್ಕ ಎರಡು ಸಲ, ವಸಂತದಾಗ ಒಮ್ಮೆ, ಚಳಿಗಾಲದ ಗಾಳಿ ಸುರು ಆಗೂದಕ್ಕ ಮೊದಲ ಒಮ್ಮೆ, ಹೊಣಿ ಹೊತ್ತವರು ಒಡ್ಡು ತಪಾಸ ಮಾಡ್ತಾರ. ನಾವು ಮಳಿಗಾಲಕ್ಕ ಮೊದಲ ಹಂಚು ಕೈಯಾಡಿಸ್ತಿದ್ವಲ್ಲ, ಥೇಟ ಹಂಗ.

ಇಷ್ಟೆಲ್ಲಾ ಮಾಡಿದ್ರೂ ಸಮುದ್ರ ಗೆದ್ದ ರಾತ್ರಿ ಅವ. 1717ರ ಡಿಸೆಂಬರ್ 24ರ ರಾತ್ರಿ. ಕ್ರಿಸ್‌ಮಸ್ ಹಬ್ಬ, ಮಂದಿ ಉಂಡು ಮಲಗಿದ್ರು. ವಾಯವ್ಯದಿಂದ ಬಿರಗಾಳಿ ಎದ್ದು ಒಡ್ಡು ಒಡೀತು. ನೆದರ್‌ಲ್ಯಾಂಡ್ಸಿನಿಂದ ಡೆನ್ಮಾರ್ಕಿನ ತನಕ ಹನ್ನೊಂದು ಸಾವಿರಕ್ಕೂ ಹೆಚ್ಚು ಮಂದಿ ಸತ್ರು, ಪೂರ್ವ ಫ್ರೀಸಿಯಾ ಒಂದರಾಗ ಎರಡೂವರೆ ಸಾವಿರಕ್ಕೂ ಹೆಚ್ಚು. ದನ ಎಷ್ಟು ಹೋದವು ಅನ್ನೋದಂತೂ ಕೇಳಬ್ಯಾಡ್ರಿ. ಉಪ್ಪು ನೀರು ನಿಂತ ಹೊಲದಾಗ ಬೆಳಿ ಬರಲಿಲ್ಲ. ಒಡ್ಡು ಮತ್ತ ಕಟ್ಟಲಿಕ್ಕೆ ವರ್ಷಗಟ್ಟಲೆ ಹಿಡೀತು, ರೊಕ್ಕಾ ಯಾರು ಕೊಡಬೇಕು ಅನ್ನೋ ಜಗಳನೂ ಅಷ್ಟ ದಿನ ನಡೀತು. ಆಳೋರು ಆಳೋರ ಕೂಡ ಜಗಳಾಡೋ ಹೊತ್ತಿನಾಗ ಒಡ್ಡಿನ ಬಾಜೂ ಇರೋ ಹೆಣ್ಣುಮಕ್ಕಳು ರಾತ್ರಿ ಹೆಂಗ ನಿದ್ದಿ ಮಾಡಿದ್ರೋ.

ಇನ್ನ ರಾಜಕಾರಣದ ಇತಿಹಾಸ. ಯುರೋಪಿನ ಬ್ಯಾರೆ ಕಡೆ ಜಮೀನ್ದಾರರು, ಸರದಾರರು ಆಳತಿದ್ದಾಗ ಫ್ರೀಸಿಯಾದ ರೈತರು "ನಮಗ ಒಡೆಯರಿಲ್ಲ" ಅಂತ ಭಾಳ ಕಾಲ ಇದ್ರು. 14ನೇ ಶತಮಾನದಿಂದ ಊರೂರಾಗ ದೊಡ್ಡ ಮನಿತನದವರು ನಾಯಕರಾದ್ರು. ಡೋರ್ನುಮ್ ಒಂದರಾಗ ಇಂಥಾ ನಾಯಕರ ಮೂರು ವಾಡೇ ಇದ್ದವು. ಒಂದು 1514ರ ಯುದ್ಧದಾಗ ಹಾಳಾತು. ಸುತ್ತಲೂ ನೀರಿನ ಕಂದಕ ಇರೋ ದೊಡ್ಡ ವಾಡೇ ಇನ್ನೂ ನಿಂತದ. ಎರಡನೇ ಮಹಾಯುದ್ಧ ಮುಗದ ಮ್ಯಾಲೆ ಅದು ಸಾಲಿ ಆತು. ನಾಯಕರ ವಾಡೇದಾಗ ಊರ ಮಕ್ಕಳು ಪಾಟಿ-ಪುಸ್ತಕ ಹಿಡಕೊಂಡು ಹೋದ್ರು ಅನ್ನೋದು ಓದಿ ನನಗ ಭಾಳ ಸಂತೋಷ ಆತು. 13ನೇ ಶತಮಾನದ ಚರ್ಚ್ ಅದ, ಅದರೊಳಗ 1711ರ ಹೊತ್ತಿಗೆ ಕಟ್ಟಿದ ಆರ್ಗನ್ ವಾದ್ಯ ಅದ. 1626ರ ಕಟ್ಟಿಗಿ ಗಾಳಿ ಗಿರಣಿ ಅದ. ಗಾಳಿ ತಿರುಗಿದ ಕಡೆ ಇಡೀ ಗಿರಣಿನ ತಿರುಗಸೋ ಹಳೇ ನಮೂನಿ ಅದು.

1744ಕ್ಕ ಪ್ರಶ್ಯಾದವರು ಬಂದ್ರು, ಆಮ್ಯಾಲೆ ನೆಪೋಲಿಯನ್ನನ ಕಾಲದಾಗ ಡಚ್ಚರು, ಫ್ರೆಂಚರು, 1815ಕ್ಕ ಹ್ಯಾನೋವರ್, 1866ಕ್ಕ ಮತ್ತ ಪ್ರಶ್ಯಾ. 1946ರಿಂದ ನೀಡರ್‌ಸಾಕ್ಸನ್ ರಾಜ್ಯ. ಒಡೆಯರು ಬದಲಾಗತಾನ ಇದ್ರು, ಒಡ್ಡು ಕಾಯೋ ಕೆಲಸ ಮಾತ್ರ ಬದಲಾಗಲಿಲ್ಲ.

ಒಂದು ದುಃಖದ ಸಂಗತಿನೂ ಹೇಳಬೇಕು, ಬಿಟ್ರ ಇತಿಹಾಸ ಅರ್ಧಾ ಆಗ್ತದ. ಡೋರ್ನುಮಿನಾಗ ಯಹೂದ್ಯರ ಮನಿಗಳಿದ್ದವು. 1841ರಾಗ ಅವರು ಒಂದು ಸಣ್ಣ ಪ್ರಾರ್ಥನಾ ಮಂದಿರ ಕಟ್ಟಿದ್ರು. 1938ರ ನವೆಂಬರ್ ರಾತ್ರಿ ಹಿಟ್ಲರನ ಮಂದಿ ದೇಶದ ತುಂಬ ಇಂಥಾ ಮಂದಿರ ಸುಟ್ರು. ಡೋರ್ನುಮಿನದು ಆ ರಾತ್ರಿಗಿಂತ ಸ್ವಲ್ಪ ಮೊದಲ ಒಬ್ಬ ಬಡಗ್ಯಾಗ ಮಾರಾಟ ಆಗಿತ್ತು, ಅದಕ್ಕ ಸುಡಲಿಲ್ಲ. ಪೂರ್ವ ಫ್ರೀಸಿಯಾದಾಗ ಉಳಕೊಂಡ ಯಹೂದಿ ಮಂದಿರ ಇದೊಂದ. ಆದ್ರ 1940ರಾಗ ಆ ಸೀಮಿಯ ಯಹೂದ್ಯರನ್ನ ಊರು ಬಿಡಿಸಿದ್ರು. ಕಟ್ಟಡ ಉಳೀತು, ಅದರಾಗ ಕೈ ಮುಗಿಯೋರು ಉಳೀಲಿಲ್ಲ. ಈಗ ಅದು ಅವರ ನೆನಪಿನ ವಸ್ತು ಸಂಗ್ರಹಾಲಯ ಆಗೇದ. ಸಮುದ್ರದ ವಿರುದ್ಧ ಎಲ್ಲಾರೂ ಕೂಡಿ ಒಡ್ಡು ಕಟ್ಟಿದ ಊರು ತನ್ನ ನೆರೆಮನಿಯವರ ಸಲುವಾಗಿ ಯಾಕ ನಿಲ್ಲಲಿಲ್ಲ ಅಂತ ನನ್ನ ಮನಸಿಗೆ ಇನ್ನೂ ಚುಚ್ಚತದ.

ಈಗಿನ ಆಡಳಿತದ ಮಾತಿಗೆ ಬರೋಣ. ಡೋರ್ನುಮ್, ನೆಸ್ಸೆ, ನೆಸ್ಮರ್‌ಝೀಲ್, ಡೋರ್ನುಮರ್‌ಝೀಲ್, ರೋಗನ್‌ಸ್ಟೇಡೆ ಹಿಂಗ ಸುತ್ತಲಿನ ಹಳ್ಳಿ ಮೊದಲ ಒಂದು ಕೂಟದಾಗ ಇದ್ದವು, ಹಳ್ಳಿ ಬ್ಯಾರೆ ಬ್ಯಾರೆ, ಕಚೇರಿ ಒಂದ. 2001ರಾಗ ಎಲ್ಲಾ ಸೇರಿ ಡೋರ್ನುಮ್ ಅಂತ ಒಂದ ಆಡಳಿತ ಆತು. ಎಲ್ಲಾ ಹಳ್ಳಿ ಕೂಡಿಸಿದ್ರ ಮಂದಿ ಸುಮಾರು ನಾಲ್ಕೂವರೆ ಸಾವಿರ. ನಮ್ಮ ಕಡೆ ಒಂದು ದೊಡ್ಡ ಹಳ್ಳಿಯಷ್ಟು. ಐದು ವರ್ಷಕ್ಕೊಮ್ಮೆ ಸದಸ್ಯರ ಚುನಾವಣೆ. ಹದಿನಾರು ವರ್ಷ ತುಂಬಿದವರೆಲ್ಲಾ ಊರಿನ ಚುನಾವಣೆದಾಗ ವೋಟು ಹಾಕಬಹುದು. ಒಬ್ಬರಿಗೆ ಮೂರು ವೋಟು. ಮೂರನ್ನೂ ಒಬ್ಬರಿಗೆ ಹಾಕ್ರಿ, ಇಲ್ಲಾ ಬ್ಯಾರೆ ಬ್ಯಾರೆ ಪಕ್ಷದವರಿಗೆ ಹಂಚಿ ಹಾಕ್ರಿ, ನಡೀತದ. ಊರಿನ ಮೇಯರನ್ನೂ ಮಂದಿನ ನೇರ ಆರಿಸ್ತಾರ, ಅವರ ಕಚೇರಿಯ ಮುಖ್ಯಸ್ಥರೂ ಹೌದು. ಸಣ್ಣ ಮಕ್ಕಳ ಸಾಲಿ, ಊರೊಳಗಿನ ರಸ್ತಾ, ಬೆಂಕಿ ಆರಸೋ ದಳ, ಮನಿ ಕಟ್ಟಲಿಕ್ಕೆ ಎಲ್ಲೆ ಜಾಗಾ ಬಿಡಬೇಕು ಅನ್ನೋದು, ಇವೆಲ್ಲಾ ಊರಿನ ಪಾಲಿನ ಕೆಲಸ. ಬೆಂಕಿ ಆರಸೋರು ಸಂಬಳದವರಲ್ಲ, ಊರಿನ ಗಂಡು-ಹೆಣ್ಣುಮಕ್ಕಳ ತಾವಾಗಿ ತರಬೇತಿ ತಗೊಂಡು ನಿಂತಿರ್ತಾರ.

ಬ್ಯಾಸಗ್ಯಾಗ ಊರಿಗೆ ಪ್ರವಾಸಿಗರು ಬರ್ತಾರ. ನೆಸ್ಮರ್‌ಝೀಲಿನಿಂದ ಬಾಲ್ಟ್ರುಮ್ ಅನ್ನೋ ಸಣ್ಣ ದ್ವೀಪಕ್ಕ ಹಡಗು ಹೋಗ್ತದ. ಅದರ ವ್ಯಾಳೆ ದಿನಾ ಬ್ಯಾರೆ, ಯಾಕಂದ್ರ ಭರತ ಬಂದಾಗಷ್ಟ ಹಡಗು ತೇಲ್ತದ. ಸಮುದ್ರ ಇಳದಾಗ ಗೊತ್ತಿದ್ದವರ ಸಂಗತಿ ಕೆಸರಿನಾಗ ನಡಕೋತನ ದ್ವೀಪಕ್ಕ ಹೋಗಬಹುದು. ಈ ಕೆಸರಿನ ದಂಡಿನ 1986ರಾಗ ರಾಷ್ಟ್ರೀಯ ಉದ್ಯಾನ ಮಾಡಿದ್ರು, 2009ರಾಗ ಯುನೆಸ್ಕೋದವರು ವಿಶ್ವ ಪರಂಪರೆ ಅಂದ್ರು.

ನಮ್ಮ ಕಡೆ ಹೆಣ್ಣುಮಕ್ಕಳಿಗೆ ರುಚಿಸೋ ಒಂದು ಮಾತು: ಅಲ್ಲಿ ಮಂದಿ ಚಹಾದ ಹುಚ್ಚರು. ಜರ್ಮನಿ ಎಲ್ಲಾ ಕಾಫಿ ಕುಡದ್ರ ಇವರು ಚಹಾ, ಅದೂ ನಮ್ಮ ಆಸಾಮಿನ ಕಡಕ್ ಪುಡಿ. ಕಪ್ಪಿನಾಗ ಮೊದಲ ಕಲ್ಲುಸಕ್ಕರಿ, ಅದರ ಮ್ಯಾಲೆ ಬಿಸಿ ಚಹಾ, ಆಮ್ಯಾಲೆ ಬದಿಯಿಂದ ಒಂದು ಹನಿ ಕೆನಿ. ಕಲಸಬಾರದು. ಮೊದಲ ಕೆನಿ, ನಡಕ ಒಗರು, ಕಡೀಕೆ ಸಕ್ಕರಿ ಹತ್ತಬೇಕು. ಮನಿಗೆ ಬಂದವರಿಗೆ ಮೂರು ಕಪ್ ಕೊಡೋದು ಪದ್ಧತಿ. ಸಾಕು ಅನ್ನಬೇಕಂದ್ರ ಚಮಚ ಕಪ್ಪಿನಾಗ ಇಡಬೇಕು, ಇಲ್ಲಾಂದ್ರ ಹಾಕತಾನ ಇರ್ತಾರ.

ಮಾತಿನ ವಿಷಯ ಒಂದು ಉಳೀತು. ಆ ಸೀಮಿಯ ಹಳೇ ಫ್ರೀಸಿಯನ್ ಭಾಷಾ ಅಲ್ಲಿ ಎಂದೋ ಸತ್ತು ಹೋತು. ಅದರ ಜಾಗಾಕ್ಕ ತಗ್ಗಿನ ಸೀಮಿಯ ಜರ್ಮನ್ ಆಡುಮಾತು ಬಂತು. 1820ರಾಗ ಡೋರ್ನುಮಿನಾಗ ಹುಟ್ಟಿದ ಎನ್ನೋ ಹೆಕ್ಟೋರ್ ಅನ್ನೋ ಕವಿ ಈ ಮಾತಿನಾಗ ಬರದಾ. ಈಗ ಸಾಲಿ-ಕಚೇರಿಯ ಶಿಷ್ಟ ಜರ್ಮನ್ನಿನ ಮುಂದ ಆ ಆಡುಮಾತೂ ಮುದುಕರ ಬಾಯಾಗ ಉಳೀಲಿಕ್ಕೆ ಹತ್ತೇದ. ಇಂಥಾ ಸೀಮಿಯಿಂದ ಬಂದ ಮನಷ್ಯಾ ನಮ್ಮ ಅಜ್ಜಿಯರ ಬಾಯಾಗಿನ ಶಬ್ದ ಬರದು ಇಟ್ಟು ಹೋದ್ರು. 1903ರಾಗ ಜರ್ಮನಿಯ ಟ್ಯೂಬಿಂಗನ್ನಿನಾಗ ತೀರಿಕೊಂಡ್ರು, ಅದ ವರ್ಷ ಅವರ ಕನ್ನಡ ವ್ಯಾಕರಣನೂ ಅಚ್ಚಾತು.

ನಾವು ಮನಿಮಾತಿನಾಗ ಬರಿಯೋದು ಯಾಕ ಅಂತ ಕೆಲವರು ಕೇಳ್ತಾರ. ಒಡ್ಡಿನ ತನ್ನ ಪಾಲು ತಾನ ನೋಡಿಕೋಬೇಕು ಅನ್ನೋ ಆ ಊರಿನ ನೇಮದಾಗ ನನ್ನ ಉತ್ತರ ಅದ. ನಮ್ಮ ಮೊಮ್ಮಕ್ಕಳು ಹಾರಿ, ಕುಡಗೋಲು, ಮಜಗಿ ಕಡಿಯೋ ಕಡಗೋಲು ಇವುಗಳ ಹೆಸರು ಮರೀಲಿಕ್ಕೆ ಹತ್ಯಾರ. ಇವನ್ನ ಕಾಯಲಿಕ್ಕೆ ಮತ್ತೊಬ್ಬ ಕಿಟ್ಟೆಲ್ ಹಡಗು ಹತ್ತಿ ಬರೂದಿಲ್ಲ. ನಿಮ್ಮ ತವರಿನ ಕಡೆ ಒಡ್ಡಿಗೆ, ತೂಬಿಗೆ, ಹೊಲದಾಗಿನ ಸಣ್ಣ ಕಾಲವಿಗೆ ಏನಂತಾರ, ನೆನಪು ಮಾಡಿ ಒಂದು ಚೀಟಿ ಮ್ಯಾಲೆ ಬರದಿಡ್ರಿ. ಮನ್ಯಾಗ ಎಂಬತ್ತು ದಾಟಿದವರು ಇದ್ರ ಇವತ್ತ ಕೇಳ್ರಿ.