ಓಡುತ್ತಿರುವ ಸ್ಕ್ರಿಪ್ಟ್ ಯಾರದು? - ಒಂದು ಪುಟ್ಟ ಇತಿಹಾಸ

ಕಬ್ಬಿನ ಹಂಗಾಮಿನಲ್ಲಿ ನಮ್ಮ ಬಾಡಗಂಡಿ ಕಡೆ ರಸ್ತೆಗಿಳಿದರೆ ಸಾಲುಸಾಲು ಟ್ರ್ಯಾಕ್ಟರುಗಳು. ಎಂಜಿನ್ ನೋಡಿದರೆ ಎಲ್ಲ ಒಂದೇ ಥರ. ಯಾರ ಹೊಲದ ಕಬ್ಬು ಅಂತ ತಿಳಿಯಬೇಕಾದರೆ ಹಿಂದಿನ ಟ್ರೇಲರಿನ ಲೆಕ್ಕ ಕೇಳಬೇಕು. ಹತ್ತಾರು ಜನ ಒಟ್ಟಿಗೆ ಬಳಸುವ ಯೂನಿಕ್ಸ್ ಕಂಪ್ಯೂಟರಿನಲ್ಲೂ ಇದೇ ಗೋಳು. ಅಲ್ಲಿ ಎಂಜಿನ್ ಅಂದರೆ ಶೆಲ್, ಕಬ್ಬು ಅಂದರೆ ಶೆಲ್ ಸ್ಕ್ರಿಪ್ಟ್, ಅಂದರೆ ಒಂದರ ಕೆಳಗೊಂದು ಬರೆದಿಟ್ಟ ಆಜ್ಞೆಗಳ ಕಡತ. ಯಾವ ಸ್ಕ್ರಿಪ್ಟ್ ಓಡುತ್ತಿದೆ ಅಂತ ಕೇಳಿದರೆ ಬಹಳ ವರ್ಷ ಯೂನಿಕ್ಸ್ ಕೊಡುತ್ತಿದ್ದ ಉತ್ತರ ಒಂದೇ: "ಎಸ್‌ಎಚ್".

ಯೂನಿಕ್ಸ್ ಹುಟ್ಟಿದ್ದು 1969ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸಿನಲ್ಲಿ. ಓಡುತ್ತಿರುವ ಕೆಲಸಗಳ ಪಟ್ಟಿ ತೋರಿಸುವ "ಪಿಎಸ್" ಆಜ್ಞೆ ಬಂದಿದ್ದು 1973ರಲ್ಲಿ. ಆಗಿನ ಪಿಎಸ್ ಕೆಲಸ ಮಾಡುತ್ತಿದ್ದ ರೀತಿ ಕೇಳಿದರೆ ನಗು ಬರುತ್ತೆ. ಅದು ಕರ್ನೆಲ್ಲಿನ ಮೆಮೊರಿಯನ್ನೇ ನೇರವಾಗಿ ತೆರೆದು, ಯಾವ ಮೂಲೆಯಲ್ಲಿ ಏನಿದೆ ಅಂತ ಹುಡುಕಿ ಓದುತ್ತಿತ್ತು. ಕರ್ನೆಲ್ ಬದಲಾಗಿ, ಅದರ ವಿಳಾಸಪಟ್ಟಿ ಹಳೆಯದೇ ಉಳಿದರೆ ಕಸಕಡ್ಡಿಯನ್ನೆಲ್ಲ ಪ್ರಿಂಟ್ ಮಾಡುತ್ತಿತ್ತು!

1979ರ ಏಳನೇ ಆವೃತ್ತಿಯಲ್ಲಿ ಸ್ಟೀಫನ್ ಬೋರ್ನ್ ಬರೆದ ಶೆಲ್ ಬಂತು. ಜನ ದೊಡ್ಡ ದೊಡ್ಡ ಸ್ಕ್ರಿಪ್ಟ್ ಬರೆಯತೊಡಗಿದರು. ಆದರೆ ಕರ್ನೆಲ್ಲಿಗೆ ಸ್ಕ್ರಿಪ್ಟ್ ಅಂದರೆ ಏನೆಂದೇ ಗೊತ್ತಿರಲಿಲ್ಲ. ಕಡತವನ್ನು ಓಡಿಸು ಅಂದರೆ "ಇದು ಪ್ರೋಗ್ರಾಂ ಅಲ್ಲ" ಅಂತ ವಾಪಸ್ ಕಳಿಸುತ್ತಿತ್ತು. ಆಗ ಶೆಲ್ ತನ್ನದೇ ಒಂದು ಪ್ರತಿಯಲ್ಲಿ ಆ ಕಡತವನ್ನು ಓದಿ ಕೆಲಸ ಮುಗಿಸುತ್ತಿತ್ತು. ಹೀಗಾಗಿ ಪಟ್ಟಿಯಲ್ಲಿ ಕಾಣುತ್ತಿದ್ದುದು ಶೆಲ್ಲಿನ ಹೆಸರು ಮಾತ್ರ.

ಇದನ್ನು ಬದಲಿಸಿದವರು ಡೆನ್ನಿಸ್ ರಿಚಿ. ಹೌದು, ಸಿ ಭಾಷೆಯ ಅದೇ ರಿಚಿ. 1980ರ ಜನವರಿಯಲ್ಲಿ ಅವರು ಕರ್ನೆಲ್ಲಿಗೆ ಒಂದು ಸಣ್ಣ ಪಾಠ ಕಲಿಸಿದರು: ಕಡತ "#!" ಎಂಬ ಎರಡು ಚಿಹ್ನೆಗಳಿಂದ ಶುರುವಾದರೆ, ಆ ಸಾಲಿನಲ್ಲಿ ಮುಂದೆ ಬರೆದಿರುವ ಪ್ರೋಗ್ರಾಮಿನ ಕೈಗೆ ಕಡತವನ್ನು ಕೊಡು. ಈ ಸಾಲನ್ನು ನಾವೆಲ್ಲ ದಿನಾ ಟೈಪ್ ಮಾಡುತ್ತೇವೆ, ಯಾಕೆ ಅಂತ ಯೋಚಿಸೋದಿಲ್ಲ. ಇದನ್ನು ತಿಳಿಸಿ ಬರೆದ ಟಿಪ್ಪಣಿಯಲ್ಲಿ ರಿಚಿ ಕೊಟ್ಟ ಲಾಭಗಳಲ್ಲಿ ಒಂದು ಏನು ಗೊತ್ತೆ? ಇನ್ನು ಮೇಲೆ ಪಿಎಸ್ ಕೊಟ್ಟರೆ "ಎಸ್‌ಎಚ್" ಬದಲು ಸ್ಕ್ರಿಪ್ಟಿನ ನಿಜವಾದ ಹೆಸರೇ ಕಾಣುತ್ತೆ, ಯಂತ್ರ ಬಳಕೆಯ ಲೆಕ್ಕವೂ ಅದೇ ಹೆಸರಿನಲ್ಲಿ ಬೀಳುತ್ತೆ ಅನ್ನೋದು!

ಮುಂದೆ 1984ರಲ್ಲಿ ಟಾಮ್ ಕಿಲಿಯನ್ ಪ್ರತಿ ಪ್ರಕ್ರಿಯೆಯನ್ನೂ ಒಂದು ಕಡತದ ಹಾಗೆ ತೋರಿಸುವ "/ಪ್ರಾಕ್" ಬಗ್ಗೆ ಬರೆದರು. ಅದೇ ಕಲ್ಪನೆ ಆಮೇಲೆ ಲಿನಕ್ಸಿಗೂ ಬಂತು. 1998ರ ಸೋಲಾರಿಸ್ 7ರ ಜೊತೆ "ಪಿಗ್ರೆಪ್" ಮತ್ತು "ಪಿಕಿಲ್" ಬಂದವು. ಅದಕ್ಕೂ ಮೊದಲು ಪಿಎಸ್ ಪಟ್ಟಿಯನ್ನು ಗ್ರೆಪ್‌ನಲ್ಲಿ ಸೋಸಬೇಕಿತ್ತು. ಆಗ ಹುಡುಕುತ್ತಿರುವ ಗ್ರೆಪ್ ತಾನೇ ಪಟ್ಟಿಯಲ್ಲಿ ಬಂದು ಕೂರುತ್ತಿತ್ತು. ಕಳ್ಳನನ್ನು ಹುಡುಕಲು ಹೋದ ಪೊಲೀಸನನ್ನೇ ಹಿಡಿದ ಹಾಗೆ.

ಅಲ್ಲಿಗೆ ಸಮಸ್ಯೆ ಮುಗೀತಾ? ಇಲ್ಲ. ಲಿನಕ್ಸಿನಲ್ಲಿ ಪ್ರಕ್ರಿಯೆಯ ಹೆಸರಿಗೆ 15 ಅಕ್ಷರಗಳ ಜಾಗ ಮಾತ್ರ, ಮಿಕ್ಕಿದ್ದು ಕತ್ತರಿ. "ಬ್ಯಾಷ್" ಅಂತ ಬರೆದು ಪಕ್ಕದಲ್ಲಿ ಸ್ಕ್ರಿಪ್ಟ್ ಕೊಟ್ಟು ಓಡಿಸಿದರೆ ಹೆಸರು ಮತ್ತೆ ಬ್ಯಾಷ್. ಮೊದಲ ಸಾಲಿನಲ್ಲಿ "ಎನ್ವ್" ಮೂಲಕ ಬ್ಯಾಷನ್ನು ಕರೆದರೂ ಅಷ್ಟೆ, ಎನ್ವ್ ತನ್ನ ಜಾಗವನ್ನು ಬ್ಯಾಷಿಗೆ ಬಿಟ್ಟುಕೊಡುವಾಗ ರಿಚಿ ಕೊಟ್ಟ ಹೆಸರು ಅಳಿಸಿಹೋಗುತ್ತೆ. ಆಗ ಪಿಗ್ರೆಪ್‌ಗೆ "-ಎಫ್" ಕೊಟ್ಟು ಪೂರ್ತಿ ಆಜ್ಞಾಸಾಲಿನಲ್ಲಿ ಹುಡುಕಬೇಕು. ಆದರೆ ಅದೇ ಕಡತವನ್ನು ಎಡಿಟರಿನಲ್ಲಿ ತೆರೆದುಕೊಂಡು ಕೂತ ಪಾಪದವನೂ ಆ ಪಟ್ಟಿಯಲ್ಲಿ ಸಿಕ್ಕಿಬೀಳುತ್ತಾನೆ!

ಹೆಸರಿಗೆ ಯಾಕಿಷ್ಟು ತಲೆ ಕೆಡಿಸಿಕೊಳ್ಳಬೇಕು ಅಂತೀರಾ? ಕೊಲ್ಲುವುದು ಹೆಸರು ನೋಡಿಯೇ ಅಲ್ಲವೆ! ಲಿನಕ್ಸಿನಲ್ಲಿ "ಕಿಲ್‌ಆಲ್" ಅಂದರೆ ಹೇಳಿದ ಹೆಸರಿನವನ್ನು ಮಾತ್ರ ಕೊಲ್ಲು ಅಂತ. ಸೋಲಾರಿಸ್‌ನಲ್ಲಿ ರೂಟ್ ಆಗಿ ಅದೇ ಆಜ್ಞೆ ಕೊಟ್ಟರೆ ಎಲ್ಲವನ್ನೂ ಕೊಲ್ಲು ಅಂತ. ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ (ಹೆಸರು ಬೇಡ ಬಿಡಿ) ಯಾರೋ ರೂಟ್ ಆಗಿ ಬ್ಯಾಷ್ ಹೆಸರಿನವನ್ನೆಲ್ಲ ಬಲವಂತವಾಗಿ ನಿಲ್ಲಿಸಿದರು. ಬೇಕಿದ್ದದ್ದು ಒಂದು ಸ್ಕ್ರಿಪ್ಟ್ ನಿಲ್ಲಿಸೋದು, ಹೋದದ್ದು ಇಡೀ ಟೀಮಿನ ರಾತ್ರಿಯ ಕೆಲಸ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಪರಮ್ ಪ್ರವೇಗ ಸೂಪರ್‌ಕಂಪ್ಯೂಟರ್ ಶುರುವಾಯಿತು, ಸಾಮರ್ಥ್ಯ 3.3 ಪೆಟಾಫ್ಲಾಪ್ಸ್. ಇಂಥ ಯಂತ್ರಗಳಲ್ಲಿ ನೂರಾರು ಸಂಶೋಧಕರ ಕೆಲಸ ಸರದಿಯಲ್ಲಿ ನಿಂತಿರುತ್ತೆ. ಸರದಿ ನೋಡಿಕೊಳ್ಳುವ ತಂತ್ರಾಂಶಗಳಲ್ಲಿ ಹೆಸರಾದದ್ದು ಸ್ಲರ್ಮ್. ನೀವು ಕೊಟ್ಟ ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ "#!" ಇಲ್ಲದಿದ್ದರೆ ಸ್ಲರ್ಮ್ ಅದನ್ನು ಮುಟ್ಟುವುದೇ ಇಲ್ಲ. ಇದ್ದರೆ, ಅದರ ಪ್ರತಿ ತೆಗೆದು "ಸ್ಲರ್ಮ್_ಸ್ಕ್ರಿಪ್ಟ್" ಅಂತ ಹೆಸರಿಟ್ಟು ಓಡಿಸುತ್ತೆ. ಎಲ್ಲರದ್ದಕ್ಕೂ ಅದೇ ಹೆಸರು! 1980ರಲ್ಲಿ ಸಿಕ್ಕ ಹೆಸರು ಇಲ್ಲಿ ಮತ್ತೆ ಹೋಯಿತು. ಯಾರದ್ದು ಅಂತ ಹೇಳೋದು ಬಳಕೆದಾರನ ಗುರುತು ಮತ್ತು ಕೆಲಸದ ಸಂಖ್ಯೆ.

ಇನ್ನೊಂದು ಮುಖವೂ ಇದೆ. ಪಿಎಸ್ ಪಟ್ಟಿಯಲ್ಲಿ ನನ್ನ ಆಜ್ಞಾಸಾಲು ಪಕ್ಕದವನಿಗೂ ಕಾಣುತ್ತೆ, ಅದರಲ್ಲಿ ಪಾಸ್‌ವರ್ಡ್ ಬರೆದಿದ್ದರೆ ಅದೂ ಸೇರಿ. 2012ರ ಲಿನಕ್ಸ್ 3.3ರಿಂದ ಒಬ್ಬರ ಪ್ರಕ್ರಿಯೆ ಇನ್ನೊಬ್ಬರಿಗೆ ಕಾಣದಂತೆ ಮುಚ್ಚುವ ಸೌಲಭ್ಯ ಬಂದಿದೆ. ಮೊದಲು ಹೆಸರು ತೋರಿಸಲು ಒದ್ದಾಡಿದೆವು, ಆಮೇಲೆ ಮರೆಮಾಡಲು.

ನನಗನ್ನಿಸೋದು ಇಷ್ಟೆ. ಹೆಸರು ಯಾರು ಬೇಕಾದರೂ ಇಟ್ಟುಕೊಳ್ಳಬಹುದು, ಒಂದೇ ಹೆಸರು ಹತ್ತು ಜನಕ್ಕಿರಬಹುದು. ಯಾರದ್ದು, ಯಾವಾಗ ಶುರುವಾಯಿತು, ಯಾರು ಹುಟ್ಟಿಸಿದರು - ಈ ಮೂರನ್ನೂ ಪಿಎಸ್ ಹೇಳುತ್ತೆ. ಅದನ್ನು ನೋಡದೆ ಕಿಲ್ ಒತ್ತಬೇಡಿ. ಆ ಕಡೆ ಯಾರದೋ ಮೂರು ದಿನದ ಲೆಕ್ಕ ಓಡುತ್ತಿರಬಹುದು.