ಸೂರಿನ ಸಂದಿಯಿಂದ ಗೋಡೆಯ ಇಟ್ಟಿಗೆಗೆ: ಗೂಡುಪೆಟ್ಟಿಗೆಗಳ ಚರಿತ್ರೆ

ಮನೆಯ ಗೋಡೆಯ ಮೇಲೆ ಹಕ್ಕಿಗೆ ಜಾಗ ಮಾಡಿಕೊಡುವ ರೂಢಿ ಪಶ್ಚಿಮ ಯುರೋಪಿನಲ್ಲಿ ಬೆಳೆದದ್ದು ಅಡುಗೆಮನೆಯ ಸಲುವಾಗಿ. ನೆದರ್ಲೆಂಡ್ಸ್ ಮತ್ತು ಫ್ಲಾಂಡರ್ಸ್ ಸೀಮೆಯಲ್ಲಿ 16ನೆಯ ಶತಮಾನದ ಹೊತ್ತಿಗೆ ಕುಂಬಾರರು ಗೋಡೆಗೆ ತೂಗುಹಾಕಲೆಂದೇ ಮಣ್ಣಿನ ಕುಡಿಕೆಗಳನ್ನು ಮಾಡುತ್ತಿದ್ದರು. ನಮ್ಮ ಗೊರವಂಕದ ಬಳಗಕ್ಕೆ ಸೇರಿದ ಸ್ಟಾರ್ಲಿಂಗ್ ಮತ್ತು ಗುಬ್ಬಚ್ಚಿಗಳು ಕುಡಿಕೆಯ ಬಾಯಿಂದ ಒಳಹೊಕ್ಕು ಮೊಟ್ಟೆಯಿಡುತ್ತಿದ್ದವು. ಗೋಡೆಗೆ ಒರಗುವ ಹಿಂಬದಿಯಲ್ಲಿ ಕೈ ತೂರುವಷ್ಟು ದೊಡ್ಡ ತೂತು ಇರುತ್ತಿತ್ತು. ಮರಿಗಳು ಮೈದುಂಬಿ ಇನ್ನೇನು ಹಾರಬೇಕು ಎನ್ನುವಾಗ ಮನೆಯವರು ಕುಡಿಕೆಯನ್ನು ಇಳಿಸಿ ಮರಿಗಳನ್ನು ತೆಗೆದು ಬೇಯಿಸುತ್ತಿದ್ದರು. ತಾಯಿಹಕ್ಕಿ ಮತ್ತೊಮ್ಮೆ ಮೊಟ್ಟೆಯಿಟ್ಟರೆ ಆ ಸರದಿಯ ಮರಿಗಳನ್ನು ಬಿಡುವುದೂ ಉಂಟು. ಮುಂದಿನ ವರ್ಷಕ್ಕೂ ಹಕ್ಕಿ ಬೇಕಲ್ಲ. ಇಟಲಿಯ ಕೆಲವು ಕಡೆ ಇದೇ ಉದ್ದೇಶಕ್ಕೆ ಗೋಪುರಗಳ ಮೇಲ್ಭಾಗದಲ್ಲಿ ಸಾಲು ಸಾಲು ರಂಧ್ರಗಳನ್ನು ಬಿಟ್ಟು, ಸ್ವಿಫ್ಟ್ ಹಕ್ಕಿಯ ಮರಿಗಳನ್ನು ಒಳಗಿನಿಂದ ಕೈಹಾಕಿ ತೆಗೆಯುತ್ತಿದ್ದರು.

ಒಟ್ಟೋಮನ್ ತುರ್ಕರ ನಾಡಿನಲ್ಲಿ ಈ ಲೆಕ್ಕಾಚಾರ ಇರಲಿಲ್ಲ. ಇಸ್ತಾನ್‌ಬುಲ್‌ನ ಮಸೀದಿ, ಮದರಸಾ, ಗ್ರಂಥಾಲಯ ಮತ್ತು ಮನೆಗಳ ಹೊರಗೋಡೆಯಲ್ಲಿ ಕಲ್ಲು, ಇಟ್ಟಿಗೆ, ಗಾರೆಯಿಂದ ಪುಟ್ಟ ಅರಮನೆಗಳನ್ನೇ ಕಟ್ಟಿಡುತ್ತಿದ್ದರು. ಉಸ್ಕುದಾರ್‌ನಲ್ಲಿ 1760ರ ಸುಮಾರಿಗೆ ಕಟ್ಟಿದ ಆಯಾಜ್ಮಾ ಮಸೀದಿಯ ಗೋಡೆಯಲ್ಲಿ ಗುಮ್ಮಟ, ಕಿಟಕಿಗಳುಳ್ಳ ಇಂಥ ಗೂಡುಗಳು ಇಂದಿಗೂ ಇವೆ. ಬೆಕ್ಕಿಗೂ ಮನುಷ್ಯರ ಕೈಗೂ ಎಟುಕದ ಎತ್ತರ, ಬಿಸಿಲು ಬೀಳುವ ದಿಕ್ಕು, ಗಾಳಿ ಹೊಡೆಯದ ಮೂಲೆ ನೋಡಿ ಅವನ್ನು ಇಡುತ್ತಿದ್ದರು. ಹಕ್ಕಿಗೆ ನೆಲೆ ಕೊಡುವುದು ಪುಣ್ಯದ ಕೆಲಸ ಎಂಬ ನಂಬಿಕೆಯೇ ಅದರ ಹಿಂದಿದ್ದದ್ದು. ಸಾಮಾನ್ಯರ ಮನೆಗಳ ಮರದ ಗೂಡುಗಳು ಮನೆಗಳೊಂದಿಗೇ ಅಳಿದುಹೋದವು. ಈ ಚರಿತ್ರೆಯಲ್ಲಿ ಹಕ್ಕಿಯಿಂದ ಏನನ್ನೂ ಬಯಸದೆ ಇಷ್ಟು ಕುಸುರಿ ಕೆಲಸ ಮಾಡಿದವರು ಇನ್ನೊಬ್ಬರು ಸಿಗುವುದು ಕಷ್ಟ.

ಉತ್ತರ ಅಮೆರಿಕದ ಆಗ್ನೇಯ ಭಾಗದಲ್ಲಿ ಚಾಕ್ಟಾ, ಚಿಕಸಾ ಮೊದಲಾದ ಮೂಲನಿವಾಸಿಗಳು ಒಣಗಿದ ಸೋರೆ ಬುರುಡೆಗಳನ್ನು ಕೊರೆದು ಕಂಬಕ್ಕೆ ಕಟ್ಟುತ್ತಿದ್ದರು. ಅಂಬರಗುಬ್ಬಿಯ ಜಾತಿಯ ಪರ್ಪಲ್ ಮಾರ್ಟಿನ್ ಅವುಗಳಲ್ಲಿ ಗೂಡು ಮಾಡಿ, ಹೊಲದ ಮೇಲೆ ಎರಗುವ ಕಾಗೆಗಳನ್ನು ಅಟ್ಟುತ್ತಿತ್ತು. ವಲಸೆ ಬಂದ ಯುರೋಪಿಯನ್ನರೂ ಈ ಪದ್ಧತಿ ಹಿಡಿದರು. ಅದರ ಫಲವಾಗಿ ಇಂದು ಅಮೆರಿಕದ ಪೂರ್ವಾರ್ಧದ ಮಾರ್ಟಿನ್‌ಗಳು ಮರದ ಪೊಟರೆಯನ್ನು ಬಹುಮಟ್ಟಿಗೆ ಮರೆತು, ಮನುಷ್ಯ ಕೊಟ್ಟ ಗೂಡುಗಳನ್ನೇ ನಂಬಿ ಬದುಕುತ್ತಿವೆ.

19ನೆಯ ಶತಮಾನದಲ್ಲಿ ಹಕ್ಕಿ ಬಾಣಲೆಯಿಂದ ಪಾರಾಗಿ ಕಾವಲುಗಾರನ ಕೆಲಸಕ್ಕೆ ಬಂತು. ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ಚಾರ್ಲ್ಸ್ ವಾಟರ್ಟನ್ 1820ರ ದಶಕದಲ್ಲಿ ತನ್ನ ವಾಲ್ಟನ್ ಹಾಲ್ ಎಸ್ಟೇಟಿನ ಸುತ್ತ ಮೂರು ಮೈಲಿ ಗೋಡೆ ಎತ್ತಿಸಿ, ಒಳಗೆ ಬೇಟೆ ನಿಲ್ಲಿಸಿ, ಗೂಬೆಗೂ ಸ್ಟಾರ್ಲಿಂಗ್‌ಗೂ ಮನೆ ಕಟ್ಟಿಸಿದ. ಜರ್ಮನಿಯ ಗ್ಲೋಗರ್ (1803–1863) ಬೆಳೆಯ ಹುಳು ತಿನ್ನುವ ಹಕ್ಕಿಗಳಿಗೆ ಪೆಟ್ಟಿಗೆ ತೂಗುಹಾಕಿರೆಂದು ರೈತರಿಗೆ ಹೇಳಿದ. ಬಾವಲಿಗೂ ಪೆಟ್ಟಿಗೆ ಇಟ್ಟ ಮೊದಲಿಗನೆಂದು ಅವನ ಹೆಸರೇ ಕೇಳಿಬರುತ್ತದೆ. ಆದರೆ ಪೆಟ್ಟಿಗೆಗೆ ಶಾಸ್ತ್ರ ಬಂದದ್ದು ಥುರಿಂಗಿಯಾದ ಜೇಬಾಖ್‌ನ ಜಮೀನ್ದಾರ ಹಾನ್ಸ್ ಫಾನ್ ಬೆರ್ಲೆಪ್ಶ್‌ನಿಂದ. ಮರಕುಟಿಗ ಕೊರೆದ ಪೊಟರೆಗಳನ್ನು ಸೀಳಿ ಒಳಗಿನ ಆಕಾರವನ್ನು ಅಳೆದು, ದಿಮ್ಮಿಯನ್ನು ಅದೇ ಆಕಾರದಲ್ಲಿ ಟೊಳ್ಳು ಮಾಡಿಸಿದ. ಮಳೆನೀರು ನುಗ್ಗದಂತೆ ಪ್ರವೇಶದ ತೂತು ಒಳಮುಖವಾಗಿ ಮೇಲಕ್ಕೆ ಓರೆಯಾಗಿತ್ತು. 1905ರಲ್ಲಿ ಸಮೀಪದ ಹೈನಿಖ್ ಕಾಡನ್ನು ಎಲೆಹುಳುಗಳು ಬೋಳುಮಾಡಿದಾಗ ಬೆರ್ಲೆಪ್ಶ್‌ನ ತೋಪು ಹಸಿರಾಗಿಯೇ ಉಳಿಯಿತೆಂಬ ಸುದ್ದಿ ಅವನ ಪೆಟ್ಟಿಗೆಗಳನ್ನು ದೇಶದೇಶಗಳಿಗೆ ಕೊಂಡೊಯ್ದಿತು.

ಬಾವಲಿಯ ಪ್ರಕರಣ ಇನ್ನೂ ಕುತೂಹಲದ್ದು. 1897ರಲ್ಲಿ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಜೀವಿಯನ್ನು ಕಂಡಮೇಲೆ ಸೊಳ್ಳೆ ನಾಶದ ಯೋಚನೆ ಎಲ್ಲೆಡೆ ಹುಟ್ಟಿತು. ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದ ವೈದ್ಯ ಚಾರ್ಲ್ಸ್ ಕ್ಯಾಂಪ್‌ಬೆಲ್ ಆ ಕೆಲಸಕ್ಕೆ ಬಾವಲಿಯನ್ನು ಆರಿಸಿಕೊಂಡ. ಅವನ ಮೊದಲ ಪೆಟ್ಟಿಗೆಗಳತ್ತ ಬಾವಲಿಗಳು ಸುಳಿಯಲಿಲ್ಲ. ಅವನು ಛಲ ಬಿಡದೆ ಗುಹೆಗಳಿಗೆ ಹೋಗಿ ಅವುಗಳ ಚಲನವಲನ ಗಮನಿಸಿದ. 1911ರಲ್ಲಿ, ಊರಿನ ಕೊಳಚೆ ನೀರು ಸೇರಿ ಸೊಳ್ಳೆಯ ತವರಾಗಿದ್ದ ಮಿಚೆಲ್ ಕೆರೆಯ ಬಳಿ ಅವನು ಕಟ್ಟಿಸಿದ ಮರದ ಗೋಪುರಕ್ಕೆ ಕೊನೆಗೂ ಬಾವಲಿಗಳ ದಂಡು ಬಂತು. ಕೆಳಗೆ ಬಿದ್ದ ಹಿಕ್ಕೆ ಗೊಬ್ಬರವಾಗಿ ಮಾರಾಟವಾಯಿತು. 1914ರಲ್ಲಿ ನಗರವು ಬಾವಲಿ ಕೊಲ್ಲುವುದನ್ನು ನಿಷೇಧಿಸಿತು. 1918ರಲ್ಲಿ ಕಂಫರ್ಟ್ ಎಂಬ ಊರಿನ ಹೊಲದಲ್ಲಿ ಎದ್ದ ಅದೇ ಮಾದರಿಯ ಗೋಪುರ ಈಗಲೂ ನಿಂತಿದೆ. ಫ್ಲೋರಿಡಾದ ಶುಗರ್‌ಲೋಫ್ ದ್ವೀಪದಲ್ಲಿ 1929ರಲ್ಲಿ ಪರ್ಕಿ ಎಂಬವನು ಕಟ್ಟಿಸಿದ ಗೋಪುರದಲ್ಲಿ ಮಾತ್ರ ಬಾವಲಿಗಳು ನೆಲೆಸಲೇ ಇಲ್ಲ. 2017ರ ಇರ್ಮಾ ಚಂಡಮಾರುತ ಅದನ್ನು ಕೆಡವಿತು. ಟೆಕ್ಸಸ್ ಸೀಮೆಯ ಬಾವಲಿಗಳ ಮುಖ್ಯ ಆಹಾರ ಪತಂಗಗಳು, ಸೊಳ್ಳೆಯ ಪಾಲು ಅದರಲ್ಲಿ ಚಿಕ್ಕದು ಎಂಬುದು ನಂತರ ತಿಳಿದ ಸಂಗತಿ. ಆದರೂ ಜನ ಬಾವಲಿಯನ್ನು ಶತ್ರುವೆಂದೇ ಬಗೆದಿದ್ದ ಕಾಲದಲ್ಲಿ ಅದರ ಪರವಾಗಿ ಕಾನೂನು ಮಾಡಿಸಿದ ಕ್ಯಾಂಪ್‌ಬೆಲ್‌ನ ಸಾಧನೆ ಸಣ್ಣದಲ್ಲ.

20ನೆಯ ಶತಮಾನದ ಉತ್ತರಾರ್ಧದಲ್ಲಿ ಪೆಟ್ಟಿಗೆಯ ಉದ್ದೇಶ ಮತ್ತೆ ಬದಲಾಯಿತು, ಏಕೆಂದರೆ ಮನೆಗಳೇ ಬದಲಾದವು. ಹಳೆಯ ಮನೆಗಳ ಸೂರು, ಹೆಂಚು, ಬಿರುಕುಬಿಟ್ಟ ಗಾರೆಯ ನಡುವೆ ಯಾರೂ ಉದ್ದೇಶಿಸದ ಸಂದುಗಳಿದ್ದವು. ಬ್ರಿಟನ್ನಿನ ಸ್ವಿಫ್ಟ್‌ಗಳು ಗೂಡಿಗೆ ನೆಚ್ಚಿಕೊಂಡದ್ದು ಅವನ್ನೇ. ಆಫ್ರಿಕಾದಿಂದ ಪ್ರತಿ ಬೇಸಿಗೆಗೆ ಮರಳಿ ಅದೇ ಸಂದಿಗೆ ಬರುವುದು ಅವುಗಳ ಸ್ವಭಾವ. ಶಾಖ ಸೋರದಿರಲೆಂದು ಮಾಡಿನ ಸಂದುಗಳನ್ನೆಲ್ಲ ಮುಚ್ಚಿದಾಗ ಬಂದ ಹಕ್ಕಿಗೆ ಬಾಗಿಲಿಲ್ಲದಾಯಿತು. ಕೀಟಗಳ ಕೊರತೆಯೂ ಸೇರಿ ಬ್ರಿಟನ್ನಿನಲ್ಲಿ ಅವುಗಳ ಸಂಖ್ಯೆ 1995ರಿಂದೀಚೆಗೆ ಅರ್ಧಕ್ಕಿಂತ ಹೆಚ್ಚು ಕುಸಿಯಿತು; 2021ರಲ್ಲಿ ಹಕ್ಕಿ ಅಲ್ಲಿನ ಕೆಂಪು ಪಟ್ಟಿ ಸೇರಿತು. ಸ್ವಿಫ್ಟ್ ಪೆಟ್ಟಿಗೆಗೆ ಒಗ್ಗುತ್ತದೆ ಎಂಬುದು ಆಗಲೇ ಗೊತ್ತಿದ್ದ ವಿಷಯ: ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದ ಗೋಪುರದಲ್ಲಿ ಡೇವಿಡ್ ಲ್ಯಾಕ್ 1940ರ ದಶಕದ ಕೊನೆಯಲ್ಲೇ ಪೆಟ್ಟಿಗೆ ಇಟ್ಟು ಅವುಗಳ ಬಾಳನ್ನು ಅಭ್ಯಾಸ ಮಾಡಿದ್ದರು. ಈಗ ಟೊಳ್ಳು ಇಟ್ಟಿಗೆಯನ್ನೇ ಗೋಡೆಯೊಳಗೆ ಸೇರಿಸಿ ಕಟ್ಟುತ್ತಾರೆ. ಹೊರಗೆ ಕಾಣುವುದು ಒಂದು ಕಂಡಿ ಮಾತ್ರ. ಕಟ್ಟಡ ಇರುವಷ್ಟು ಕಾಲ ಗೂಡೂ ಇರುತ್ತದೆ. ಐದು ಮೀಟರ್ ಮೀರಿದ ಹೊಸ ಕಟ್ಟಡಗಳಿಗೆ ಇಂಥ ಇಟ್ಟಿಗೆ ಬೇಕೆಂದು ಬ್ರೈಟನ್ ನಗರ 2020ರಲ್ಲಿ ಷರತ್ತು ವಿಧಿಸಿತು.

ಬಾವಲಿಗೂ ಇದೇ ಗತಿ ಬಂದಿತ್ತು. ಬ್ರಿಟನ್ನಿನಲ್ಲಿ 1981ರ ವನ್ಯಜೀವಿ ಕಾಯ್ದೆ ಬಾವಲಿಗಳಿಗೂ ಅವುಗಳ ವಾಸದ ತಾಣಗಳಿಗೂ ರಕ್ಷಣೆ ಕೊಟ್ಟಿದ್ದರಿಂದ, ಮಾಡು ದುರಸ್ತಿ ಮಾಡುವವರು ಬದಲಿ ನೆಲೆ ಒದಗಿಸಬೇಕಾಯಿತು. ಬಾವಲಿಯ ಪೆಟ್ಟಿಗೆಯಲ್ಲಿ ಹಕ್ಕಿಯದರಂತೆ ದುಂಡು ತೂತು ಇರುವುದಿಲ್ಲ. ತಳದಲ್ಲಿ ಎರಡು ಸೆಂಟಿಮೀಟರಿನಷ್ಟು ಕಿರಿದಾದ ಸೀಳು, ಒಳಗೆ ಉಗುರು ಹಿಡಿಯುವಂಥ ಒರಟು ಹಲಗೆ, ಮರಿಗಳಿಗೆ ಬೇಕಾದ ಬಿಸುಪಿಗಾಗಿ ಬಿಸಿಲಿನತ್ತ ಮುಖ. ಮರವನ್ನು ರಾಸಾಯನಿಕದಿಂದ ಉಪಚರಿಸುವಂತಿಲ್ಲ.

ಭಾರತದಲ್ಲಿ ಪೆಟ್ಟಿಗೆಯ ಮಾತು ಎದ್ದದ್ದು ಗುಬ್ಬಚ್ಚಿಯಿಂದ. ಕರ್ನಾಟಕದ ಹೆಂಚಿನ ಮನೆಗಳಲ್ಲಿ ಜಂತೆಯ ಸಂದು, ಗೋಡೆಗೆ ಓರೆಯಾಗಿ ತೂಗಿದ ಪಟದ ಹಿಂಬದಿ, ಅಂಗಳದ ಸೂರು ಅದಕ್ಕೆ ಸಾಕಾಗಿದ್ದವು. ಆರ್‌ಸಿಸಿ ತಾರಸಿ ಬಂದಾಗ ಆ ಎಡೆಗಳು ಹೋದವು. 2010ರ ಮಾರ್ಚ್ 20ರಂದು ಮೊದಲ ವಿಶ್ವ ಗುಬ್ಬಚ್ಚಿ ದಿನ ಆಚರಣೆಯಾದ ಮೇಲೆ ಪ್ಲೈವುಡ್, ರಟ್ಟು, ಮಡಕೆಯ ಗೂಡುಗಳು ಬಾಲ್ಕನಿಗಳಿಗೆ ಬಂದವು. ಗುಬ್ಬಚ್ಚಿಗೆ ಸುಮಾರು 32 ಮಿಲಿಮೀಟರ್ ಅಗಲದ ತೂತು ಸಾಕು. ಬೆಕ್ಕಿಗೆ ಎಟುಕದ ಎತ್ತರದಲ್ಲಿ, ನೆರಳಿನಲ್ಲಿ, ಫ್ಯಾನಿನಿಂದ ದೂರದಲ್ಲಿ ತೂಗುಹಾಕಿದರೆ ಹಕ್ಕಿ ಬರುವ ಸಂಭವ ಹೆಚ್ಚು. ದೊಡ್ಡ ಗುಬ್ಬಿಗಳು ಕಾಳು ತಿಂದು ಬದುಕಿದರೂ ಮರಿಗಳಿಗೆ ಮೊದಲ ದಿನಗಳಲ್ಲಿ ಮೆತ್ತನೆಯ ಹುಳುವೇ ಗುಟುಕು. ಆದ್ದರಿಂದ ಪೊದೆ, ಬೇಲಿ, ಹಿತ್ತಿಲು ಇಲ್ಲದ ಬಡಾವಣೆಗಳಲ್ಲಿ ಒಳ್ಳೆಯ ಪೆಟ್ಟಿಗೆಗಳೂ ಖಾಲಿ ಉಳಿಯುತ್ತವೆ.