ಬಾಲಗೋಪಾಲನ ಬಾಕಿ ನಿದ್ದೆ

"ಅತ್ತಿಗೇ, ಮಗಳನ್ನು ಸೀರಿಯಲ್ಲಿಗೆ ಕೇಳ್ತಿದ್ದಾರೆ. ಬೆಂಗಳೂರಿಗೆ ಕರ್ಕೊಂಡು ಹೋಗಬೇಕಂತೆ. ಏನು ಮಾಡುವುದು?" ಸುಳ್ಯದಿಂದ ನಾದಿನಿಯ ಫೋನು ಬಂದಾಗ ಆಟಿಯ ಮಳೆ ಹೊಡೆಯುತ್ತಿತ್ತು, ನಾನು ಪತ್ರೊಡೆ ಬೇಯಲು ಇಟ್ಟಿದ್ದೆ. ಹುಡುಗಿಗೆ ಒಂಬತ್ತು ವರ್ಷ. ಶಾಲೆಯ ವಾರ್ಷಿಕೋತ್ಸವದಲ್ಲಿ ಅವಳು ಮಾಡಿದ ಪಾತ್ರವನ್ನು ಯಾರೋ ಮೊಬೈಲಿನಲ್ಲಿ ಹಿಡಿದು ಕಳುಹಿಸಿದ್ದರಂತೆ. ಬೇಡ ಎನ್ನಲು ನನಗೆ ನಾಲಿಗೆ ಬರಲಿಲ್ಲ, ಹೂಂ ಎನ್ನಲು ಧೈರ್ಯವಾಗಲಿಲ್ಲ.

ನೆನಪಾದದ್ದು ನಮ್ಮ ತರಗತಿಯ ಬಾಲಗೋಪಾಲ. ಯಕ್ಷಗಾನದ ಪೂರ್ವರಂಗದಲ್ಲಿ ಕೋಡಂಗಿ, ಬಾಲಗೋಪಾಲ ವೇಷಗಳು ಮೇಳಕ್ಕೆ ಹೊಸದಾಗಿ ಸೇರಿದ ಹುಡುಗರ ಪಾಲಿನವು. ಹಿಂದೆ ಹತ್ತು ಹನ್ನೆರಡರ ಪ್ರಾಯದಲ್ಲಿ ಚೌಕಿ ಸೇರಿದರೆ ಶಾಲೆ ಅಲ್ಲಿಗೇ ಮುಗಿದಂತೆ. ದೀಪಾವಳಿ ಕಳೆದು ಹೊರಟ ಮೇಳ ಪತ್ತನಾಜೆಗೇ ಗೆಜ್ಜೆ ಬಿಚ್ಚುವುದು. ಪಾಠ, ಪರೀಕ್ಷೆ ಎಲ್ಲ ಬರುವುದೂ ಆ ತಿಂಗಳುಗಳಲ್ಲೇ. ಹಾಗೆ ಹೋದವರಲ್ಲಿ ದೊಡ್ಡ ಕಲಾವಿದರಾದವರ ಹೆಸರು ನಮಗೆಲ್ಲ ಗೊತ್ತು. ಮೀಸೆ ಮೂಡುವಾಗ ಬಾಲವೇಷ ಕೈತಪ್ಪಿ, ದೊಡ್ಡ ವೇಷವೂ ದಕ್ಕದೆ ಊರಿಗೆ ಮರಳಿದವರ ಹೆಸರನ್ನು ಯಾರು ಬರೆದಿಟ್ಟಿದ್ದಾರೆ?

ನಮ್ಮವನು ಹತ್ತಿರದ ಆಟಗಳಿಗೆ ಮಾತ್ರ ಹೋಗುತ್ತಿದ್ದ. ಬೆಳಿಗ್ಗೆ ಕಿವಿಯ ಹಿಂದೆ ಬಣ್ಣ ಹಾಗೇ ಇರುತ್ತಿತ್ತು, ಗಣಿತದ ಪಾಠಕ್ಕೆ ಬೆಂಚಿನ ಮೇಲೆ ಗೊರಕೆ. ಅವನ ಅಮ್ಮ ಬೀಡಿ ಕಟ್ಟುತ್ತಿದ್ದರು. ಫೆಬ್ರವರಿ ಬಂದರೆ ವೇಷ ಇಲ್ಲ, ಸಿಕ್ಕಿದ ಹಣ ಅಂಚೆ ಕಚೇರಿಯ ಪುಸ್ತಕಕ್ಕೆ. ಈ ಎರಡರಲ್ಲಿ ಆಕೆ ಯಾರ ಮಾತನ್ನೂ ಕೇಳಿದವರಲ್ಲ.

ಆಗಲೇ, 1986ರಲ್ಲಿ, ದೂರದರ್ಶನದಲ್ಲಿ 'ಮಾಲ್ಗುಡಿ ಡೇಸ್' ಬಂತು. ಪುತ್ತೂರಿನ ನಮ್ಮ ಚಿಕ್ಕಮ್ಮನ ಟಿ.ವಿ.ಯಲ್ಲಿ ಚಿತ್ರಕ್ಕಿಂತ ಚುಕ್ಕಿಯೇ ಹೆಚ್ಚು. ಆದರೂ ಶಂಕರನಾಗ್ ಅವರ ಸ್ವಾಮಿಯನ್ನು ನೋಡಲು ನೆರೆಕರೆಯೆಲ್ಲ ಸೇರುತ್ತಿತ್ತು. ಆ ಮಾಸ್ಟರ್ ಮಂಜುನಾಥ್ 1990ರ ಹಿಂದಿ 'ಅಗ್ನಿಪಥ್'ನಲ್ಲಿ ಅಮಿತಾಭ್ ಬಚ್ಚನ್ ಪಾತ್ರದ ಬಾಲ್ಯವನ್ನೂ ಅಭಿನಯಿಸಿದರು. ಮುಂದೆ ಬಣ್ಣ ಬಿಟ್ಟರು, ಓದಿದರು, ಬೆಂಗಳೂರು–ಮೈಸೂರು ಕಾರಿಡಾರ್ ರಸ್ತೆ ಯೋಜನೆಯಲ್ಲಿ ಸಾರ್ವಜನಿಕ ಸಂಪರ್ಕದ ಕೆಲಸ ಹಿಡಿದರು. "ಛೆ, ಪಾಪ, ಹೀರೋ ಆಗಲಿಲ್ಲವಲ್ಲ" ಎನ್ನುವವರನ್ನು ನಾನು ಕೇಳಿದ್ದೇನೆ. ಓದಿ ಒಳ್ಳೆಯ ಕೆಲಸ ಮಾಡುವವರ ಮೇಲೆ ಯಾಕಪ್ಪಾ ಈ ಕನಿಕರ!

1986ರಲ್ಲೇ ಪುತ್ತೂರಿಗೆ ಕ್ಯಾಂಪ್ಕೋದ ಚಾಕಲೇಟು ಕಾರ್ಖಾನೆಯೂ ಬಂತು. ಚಾಕಲೇಟು ಕಾರ್ಖಾನೆಯದೇ ಒಂದು ಅಮೆರಿಕನ್ ಚಿತ್ರ 1971ರಲ್ಲಿ ಬಂದಿತ್ತು, 'ವಿಲ್ಲಿ ವೊಂಕಾ'. ಅದರ ಬಡ ಹುಡುಗ ಚಾರ್ಲಿಯಾಗಿದ್ದ ಪೀಟರ್ ಆಸ್ಟ್ರಮ್, ಇನ್ನೂ ಮೂರು ಚಿತ್ರಗಳಿಗೆ ಕರಾರು ಮಾಡಿಕೊಳ್ಳುತ್ತೇವೆಂದರೂ ಒಪ್ಪಲಿಲ್ಲ. ಆ ಒಂದೇ ಚಿತ್ರ. ಆಮೇಲೆ ದನದ ಡಾಕ್ಟರಾದರು, ನ್ಯೂಯಾರ್ಕ್ ರಾಜ್ಯದ ಹಳ್ಳಿಗಾಡಿನಲ್ಲಿ ಹಸು, ಕುದುರೆಗಳಿಗೆ ಮದ್ದು ಮಾಡಿಕೊಂಡು ಬದುಕಿದರು. ರಾತ್ರಿ ಎರಡು ಗಂಟೆಗೆ ದನ ಕರು ಹಾಕಲಾರದೆ ಒದ್ದಾಡುವುದನ್ನು ಕಂಡ ನಮಗೆ ಆ ಡಾಕ್ಟರ ಬೆಲೆ ಗೊತ್ತು.

ಎಲ್ಲರ ಕಥೆ ಹೀಗಲ್ಲ. ಚಾಪ್ಲಿನ್ನನ 1921ರ 'ದಿ ಕಿಡ್' ಚಿತ್ರದ ಪುಟಾಣಿ ಜಾಕಿ ಕೂಗನ್ ಲಕ್ಷ ಲಕ್ಷ ಡಾಲರು ದುಡಿದ. ಬೆಳೆದು ನೋಡಿದರೆ ತಾಯಿ, ಮಲತಂದೆ ಸೇರಿ ಕರಗಿಸಿಬಿಟ್ಟಿದ್ದರು. 1938ರಲ್ಲಿ ಕೋರ್ಟಿಗೆ ಹೋದಾಗ ಸಿಕ್ಕಿದ್ದು 1,26,000 ಡಾಲರು. ಮರುವರ್ಷ ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳ ಗಳಿಕೆಯನ್ನು ಕಾಯುವ ಕಾನೂನು ಬಂತು.

ನಮ್ಮಲ್ಲಿ ಬಾಲಕಾರ್ಮಿಕ ಕಾನೂನಿಗೆ 2016ರಲ್ಲಿ ತಿದ್ದುಪಡಿ, 2017ರಲ್ಲಿ ನಿಯಮ. ಮಗು ದಿನಕ್ಕೆ 5 ಗಂಟೆ ಮೀರಿ ನಟಿಸುವಂತಿಲ್ಲ, ವಿರಾಮವಿಲ್ಲದೆ 3 ಗಂಟೆ ದಾಟುವಂತಿಲ್ಲ, ಎಡೆಬಿಡದೆ 27 ದಿನಕ್ಕಿಂತ ಹೆಚ್ಚಿಲ್ಲ, ಶಾಲೆ ತಪ್ಪಿಸುವಂತಿಲ್ಲ. ಗಳಿಕೆಯ ಶೇಕಡಾ 20 ಆದರೂ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿಗೆ ಠೇವಣಿಯಾಗಬೇಕು. ಬೀಡಿ ಕಟ್ಟುವ ಆ ಅಮ್ಮ ಮೂವತ್ತು ವರ್ಷ ಮೊದಲೇ ನೂರಕ್ಕೆ ನೂರು ಇಟ್ಟಿದ್ದರು!

ಇದನ್ನೆಲ್ಲ ನಾದಿನಿಗೆ ಹೇಳಿದೆ. "ಇಷ್ಟು ಷರತ್ತು ಹೇಳಿದರೆ ಅವರು ಬೇರೆ ಹುಡುಗಿಯನ್ನು ನೋಡಿಕೊಳ್ತಾರೆ ಅತ್ತಿಗೆ" ಎಂದಳು. "ನೋಡಿಕೊಳ್ಳಲಿ" ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಫೋನು ಇಡುವ ಮೊದಲು, ಶೂಟಿಂಗ್ ರಜೆಯಲ್ಲೋ ಶಾಲೆಯ ದಿನದಲ್ಲೋ ಎಂದು ಕೇಳಿ ತಿಳಿಸುತ್ತೇನೆಂದಳು.

ನಮ್ಮ ಬಾಲಗೋಪಾಲ ಬಿ.ಕಾಂ. ಮಾಡಿ ಬ್ಯಾಂಕು ಸೇರಿದ, ಈಗ ಕಡಬದ ಕಡೆ ಮ್ಯಾನೇಜರು. ಕಳೆದ ವರ್ಷ ಊರಿನ ಬಯಲಾಟದಲ್ಲಿ ಸಿಕ್ಕಿದ. ಮುಂದಿನ ಸಾಲಿನಲ್ಲಿ ಕುಳಿತು ಪೂರ್ವರಂಗದ ಹುಡುಗರನ್ನು ಕಣ್ಣು ಮಿಟುಕಿಸದೆ ನೋಡಿದ. ಪ್ರಸಂಗ ಶುರುವಾಗುತ್ತಲೇ ಎದ್ದು ನಿಂತ.

"ಇಷ್ಟು ಬೇಗ ಹೊರಟೆಯಾ?" ಎಂದೆ.

"ಹೌದು ಮಾರಾಯ್ತಿ, ಆಗಿನ ನಿದ್ದೆಯೇ ಇನ್ನೂ ಬಾಕಿ ಇದೆ."